ಕೂಡಿಟ್ಟ ಕೊಂಬೆ

ತಾರಸಿಗೆ ಬಂದವರು ನಾನು ಕುಂಡದಲ್ಲಿ ಬೋನ್ಸಾಯ್ ಮಾಡುತ್ತಿರುವ ಎಲ್ಮ್ ಗಿಡದ ಮುಂದೆ ನಿಂತರೆ ಒಂದು ಗಾದೆ ಬಂದೇ ಬರುತ್ತದೆ. 'ಗಿಡವಾಗಿ ಬಗ್ಗದ್ದು' ಎಂದು ಅವರು ಶುರು ಮಾಡಿದರೆ ಉಳಿದರ್ಧವನ್ನು ನನ್ನ ಮಗಳೇ ಮುಗಿಸುತ್ತಾಳೆ. ಅಷ್ಟು ಸಲ ಕೇಳಿಸಿಕೊಂಡಿದ್ದಾಳೆ. ಕೊಂಬೆಗೆ ಸುತ್ತಿದ ತಂತಿ ಕಣ್ಣಿಗೆ ಬಿತ್ತೆಂದರೆ ಗಾದೆ ಹೇಳುವವರ ನೋಟ ಗಿಡದಿಂದ ಅವಳ ಕಡೆಗೆ ಹೊರಳುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಅದು ನನಗೆ ಗೊತ್ತು. ಆದರೂ ಆ ಮಾತು ಕೇಳಿದಾಗಲೆಲ್ಲ ಒಳಗೆ ಏನೋ ಚುಚ್ಚಿದ ಹಾಗಾಗುತ್ತದೆ. ಎಂಟು ವರ್ಷ ಒಂದೇ ಗಿಡದ ಜೊತೆ ಏಗಿದ ಮೇಲೆ ಹೇಳುತ್ತಿದ್ದೇನೆ: ಎಳೆಯ ಗಿಡವನ್ನು ಬಗ್ಗಿಸುವುದಕ್ಕೆ ಐದು ನಿಮಿಷ ಸಾಕು. ನಾನೂ ಐದೇ ನಿಮಿಷದಲ್ಲಿ ಬಗ್ಗಿಸಿದ್ದೆ. ಆ ಐದು ನಿಮಿಷದಲ್ಲಿ ಆದದ್ದನ್ನು ಸರಿಪಡಿಸಲು ಇನ್ನೂ ಒದ್ದಾಡುತ್ತಿದ್ದೇನೆ. ಗಾದೆಯಲ್ಲಿ ಬಗ್ಗಿಸುವ ಕೈಯ ಬಗ್ಗೆ ಒಂದು ಮಾತೂ ಇಲ್ಲ. ಆ ಕೈಗೆ ಏನು ಗೊತ್ತಿರಬೇಕು, ಯಾವಾಗ ಅದು ಸುಮ್ಮನಿರಬೇಕು ಎನ್ನುವುದು ಇಲ್ಲ. ನನ್ನನ್ನು ಕಾಡುತ್ತಿರುವುದು ಅದೇ.

ಪೆನ್ಸಿಲ್ ದಪ್ಪ

ಗಿಡ ತಂದದ್ದು 2018ರ ಫೆಬ್ರುವರಿಯಲ್ಲಿ. ನರ್ಸರಿಯ ಕಪ್ಪು ಕವರಿನಲ್ಲಿ ಎರಡಡಿ ಎತ್ತರದ ಒಂದು ಕಡ್ಡಿ, ಪೆನ್ಸಿಲ್ಲಿನಷ್ಟು ದಪ್ಪ, ಮೇಲೆ ನಾಲ್ಕಾರು ಎಳೆ ಕೊಂಬೆ. ಚೈನೀಸ್ ಎಲ್ಮ್. ಸಸ್ಯಶಾಸ್ತ್ರದವರು ಇದನ್ನು ಉಲ್ಮಸ್ ಪಾರ್ವಿಫೋಲಿಯಾ ಎನ್ನುತ್ತಾರೆ, ಅಂದರೆ ಸಣ್ಣೆಲೆಯ ಎಲ್ಮ್. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡ ಎಲೆ, ಅಂಚಿಗೆ ಗರಗಸದ ಹಲ್ಲು. ಎಲೆಯ ಬುಡ ನೋಡಿದರೆ ಎರಡು ಮಗ್ಗುಲೂ ಸಮ ಇರುವುದಿಲ್ಲ, ಒಂದು ಕಡೆ ಚೂರು ಕೆಳಕ್ಕೆ ಇಳಿದಿರುತ್ತದೆ. ಕಡ್ಡಿಯುದ್ದಕ್ಕೂ ಎಡಕ್ಕೊಂದು, ಬಲಕ್ಕೊಂದು, ಮತ್ತೆ ಎಡಕ್ಕೊಂದು ಎಂದು ಎಲೆ ಏರುತ್ತ ಹೋಗುತ್ತದೆ. ಎದುರುಬದುರಲ್ಲ. ಆಗ ಇದನ್ನೆಲ್ಲ ಚೆಂದ ಎಂದು ನೋಡಿದ್ದೆ ಅಷ್ಟೆ. ಈ ಎಡ ಬಲದ ಲೆಕ್ಕವೇ ಮುಂದೆ ನನ್ನ ಕತ್ತರಿಯನ್ನು ಆಳುತ್ತದೆ ಎಂದು ಗೊತ್ತಿರಲಿಲ್ಲ.

ನಮ್ಮ ತಪಸಿ ಮರವೂ ಇದೇ ಎಲ್ಮ್ ಕುಟುಂಬದ್ದು. ಬೇಸಿಗೆ ಶುರುವಾಗುವಾಗ ರಸ್ತೆ ತುಂಬ ನಾಣ್ಯದಂಥ ರೆಕ್ಕೆಬೀಜ ಉದುರಿಸುತ್ತದಲ್ಲ, ಅದೇ. ನಮ್ಮದೇ ಮರ ಇರುವಾಗ ಚೀನಾದ್ದು ಯಾಕೆ ಎಂದು ಕೇಳುವವರಿದ್ದಾರೆ, ಕೇಳಬೇಕಾದದ್ದೇ. ಎರಡು ತಪಸಿ ಸಸಿ ಕುಂಡದಲ್ಲಿ ಹಾಕಿ ನೋಡಿದೆ. ಎಲೆ ನನ್ನ ಅಂಗೈಯುದ್ದ ಬಂತು, ಎಷ್ಟು ಚಿವುಟಿದರೂ ಬೇಕಾದಷ್ಟು ಕಿರಿದಾಗಲಿಲ್ಲ. ಅಡಿ ಎತ್ತರದ ಮರದಲ್ಲಿ ಅಂಗೈಯುದ್ದದ ಎಲೆ ಇದ್ದರೆ ಕಣ್ಣಿಗೆ ಅದು ಮರ ಅನ್ನಿಸುವುದಿಲ್ಲ. ಹುಣಸೆ, ಬಸರಿ, ಆಲ ಇವು ಬೇರೆ ಮಾತು. ನಮ್ಮಲ್ಲಿ ಬೋನ್ಸಾಯ್ ಮಾಡುವವರು ಮೊದಲು ಹುಣಸೆಯಲ್ಲೇ ಕೈ ಪಳಗಿಸಿಕೊಂಡರೆ ಒಳ್ಳೆಯದು ಎಂದು ಈಗಲೂ ಹೇಳುತ್ತೇನೆ.

ತಂದ ಮೊದಲ ವಾರವೇ ಗಿಡವನ್ನು ಒಂದು ಆಳವಿಲ್ಲದ ಪಿಂಗಾಣಿ ಟ್ರೇಗೆ ಏರಿಸಿದೆ. ತುದಿ ಕತ್ತರಿಸಿದೆ. ಪ್ರತಿ ಭಾನುವಾರ ಬೆಳಿಗ್ಗೆ ಕತ್ತರಿ ಹಿಡಿದು ಕೂತು, ಎಲ್ಲಿ ಚಿಗುರು ಸಾಲು ಬಿಟ್ಟು ಹೊರಗೆ ಬಂತೋ ಅಲ್ಲಿ ಕತ್ತರಿಸುತ್ತಿದ್ದೆ. ದುಂಡಗೆ, ಅಚ್ಚುಕಟ್ಟಾಗಿ, ಫೋಟೊ ತೆಗೆಯುವ ಹಾಗೆ ಇಟ್ಟುಕೊಂಡಿದ್ದೆ. ಅದನ್ನೇ ಆರೈಕೆ ಎಂದು ತಿಳಿದಿದ್ದೆ. ಮೂರು ವರ್ಷ ಹೀಗೇ ನಡೆಯಿತು. ಮೂರು ವರ್ಷದ ಕೊನೆಗೂ ಅದು ಪೆನ್ಸಿಲ್ಲೇ.

ನಲವತ್ತು ದಿನ

ಆ ಮೂರು ವರ್ಷದ ನಡುವೆ, 2019ರ ಜೂನ್‌ನಲ್ಲಿ, ತಂತಿ ಸುತ್ತಿದೆ. ಎರಡೂವರೆ ಮಿಲಿಮೀಟರಿನ ಅಲ್ಯೂಮಿನಿಯಂ ತಂತಿ. ಬಗ್ಗಿಸಬೇಕಾದ ಕಾಂಡದ ಮೂರನೇ ಒಂದು ಭಾಗದಷ್ಟು ದಪ್ಪದ ತಂತಿ ಇರಬೇಕು, 45 ಡಿಗ್ರಿ ಓರೆಯಲ್ಲಿ ಸುತ್ತಬೇಕು, ತುದಿಯನ್ನು ಮಣ್ಣಿಗೆ ಚುಚ್ಚಿ ಭದ್ರ ಮಾಡಿಕೊಳ್ಳಬೇಕು ಎಂದೆಲ್ಲ ಓದಿಕೊಂಡಿದ್ದೆ. ಪೈನು, ಜುನಿಪರಿನಂಥ ಗಟ್ಟಿ ಮರಗಳಿಗೆ ತಾಮ್ರ, ತೊಗಟೆ ಮೆತ್ತಗಿರುವ ಎಲೆಮರಗಳಿಗೆ ಅಲ್ಯೂಮಿನಿಯಂ ಎನ್ನುವುದೂ ಗೊತ್ತಿತ್ತು. ಸುತ್ತಿ, ಎರಡೂ ಹೆಬ್ಬೆರಳನ್ನು ಒಳಬಾಗಿಗೆ ಕೊಟ್ಟು ಒತ್ತಿದೆ. ಎಲ್ಮ್ ಎಳೆಯದಾಗಿರುವಾಗ ಬಳುಕುತ್ತದೆ, ಒಂದು ಚೂರೂ ಹಟ ಮಾಡುವುದಿಲ್ಲ. ಎಡಕ್ಕೊಂದು ಬಾಗು, ಬಲಕ್ಕೊಂದು ಬಾಗು. ಅಂಗಡಿಯಲ್ಲಿ ಸಿಗುವ ಎಲ್ಮ್‌ಗಳೆಲ್ಲ ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ನಿಂತಿರುತ್ತವಲ್ಲ, ಹಾಗೆ. ಈಗ ಅಂಥ ಗಿಡ ನೋಡಿದರೆ ನನಗೆ ಮರ ಕಾಣಿಸುವುದಿಲ್ಲ, ಹಾವು ಕಾಣಿಸುತ್ತದೆ. ಗಾಳಿಗೋ ಬೆಳಕಿಗೋ ತಿರುಗಿದ ಮರ ಹಾಗೆ ಒಂದೇ ಅಳತೆಯಲ್ಲಿ ಎರಡು ಸಲ ಬಾಗುವುದಿಲ್ಲ. ಆಗ ಮಾತ್ರ ಬಹಳ ಸಂತೋಷಪಟ್ಟಿದ್ದೆ.

ಆಮೇಲೆ ಮಳೆ ಹಿಡಿಯಿತು. ಆಫೀಸಿನಲ್ಲಿ ಕೆಲಸ ಮೈಮೇಲೆ ಬಂತು, ಮಗಳಿಗೆ ಜ್ವರ ಬಂತು. ಮಳೆಯೇ ನೀರು ಹಾಕುತ್ತಿದೆ ಎಂಬ ಧೈರ್ಯದಲ್ಲಿ ತಾರಸಿ ಹತ್ತಲಿಲ್ಲ. ಹತ್ತಿದಾಗ ನಲವತ್ತು ದಿನ ದಾಟಿತ್ತು.

ದೂರದಿಂದ ನೋಡಿದಾಗ ತಂತಿ ಬಿಚ್ಚಿ ಹೋಗಿದೆ ಅಂದುಕೊಂಡೆ, ಏಕೆಂದರೆ ಕೆಲವು ಕಡೆ ಅದು ಕಾಣುತ್ತಲೇ ಇರಲಿಲ್ಲ. ಹತ್ತಿರ ಹೋಗಿ ಬಗ್ಗಿದೆ. ತೊಗಟೆ ತಂತಿಯ ಎರಡೂ ಬದಿಯಿಂದ ಉಬ್ಬಿ, ತುಟಿ ಮುಚ್ಚಿದ ಹಾಗೆ ಮೇಲೆ ಬಂದಿತ್ತು. ತಂತಿಯನ್ನು ಸುತ್ತಿದ ದಿಕ್ಕಿಗೆ ವಾಪಸ್ ಬಿಚ್ಚಬಾರದು, ತುಂಡು ತುಂಡು ಮಾಡಿ ತೆಗೆಯಬೇಕು. ಕಟರ್‌ನ ಮೂತಿ ತೂರಿಸಲು ಜಾಗವಿಲ್ಲ. ಒಂದೊಂದು ಸುತ್ತಿಗೂ ಮೂರು ನಾಲ್ಕು ನಿಮಿಷ ಹಿಡಿಯಿತು. ಎರಡು ಕಡೆ ತಂತಿಯ ತುಂಡಿನ ಜೊತೆ ತೊಗಟೆಯ ಎಳೆಯೂ ಕಿತ್ತು ಬಂತು. ಎಲ್ಮ್‌ನ ತೊಗಟೆ ನಾರು ನಾರು. ಸೆಣಬಿನ ಎಳೆ ಸುಲಿದ ಹಾಗೆ ಉದ್ದಕ್ಕೆ ಬಂದುಬಿಡುತ್ತದೆ. ಮುಗಿಸಿದಾಗ ಬುಡದಿಂದ ಅರ್ಧದವರೆಗೆ ಕಾಂಡದ ಮೇಲೆ ಸ್ಕ್ರೂವಿನ ಸುತ್ತಿನಂಥ ಗೀರು. ಬೆರಳಾಡಿಸಿದರೆ ಏರು ತಗ್ಗು ಗೊತ್ತಾಗುತ್ತಿತ್ತು. ಅವತ್ತು ರಾತ್ರಿ ಊಟ ಸೇರಲಿಲ್ಲ.

ತಂತಿ ಹೇಗೆ ಕೆಲಸ ಮಾಡುತ್ತದೆ ಎಂದು ನಾನು ಸರಿಯಾಗಿ ಯೋಚಿಸಿದ್ದು ಆ ಗೀರು ನೋಡಿದ ಮೇಲೆ. ಕೊಂಬೆ ಬಾಗಿದಾಗ ಹೊರಬಾಗಿನ ಕಡೆ ನಾರು ಅಲ್ಲಲ್ಲಿ ಸಣ್ಣಗೆ ಹರಿಯುತ್ತದೆ. ಗಿಡ ಆ ಹರಿದ ಜಾಗವನ್ನು ಮಾಯಿಸಿಕೊಳ್ಳುತ್ತ, ಅದರ ಮೇಲೆ ಹೊಸ ಪದರ ಕಟ್ಟುತ್ತ ಹೋಗುತ್ತದೆ. ಸಾಕಷ್ಟು ಹೊಸ ಪದರ ಕೂತ ಮೇಲೆ ತಂತಿ ತೆಗೆದರೂ ಕೊಂಬೆ ಅದೇ ಭಂಗಿಯಲ್ಲಿ ನಿಲ್ಲುತ್ತದೆ. ಅಂದರೆ ಆ ಭಂಗಿಯನ್ನು ಗಟ್ಟಿ ಮಾಡುವುದು ತಂತಿಯಲ್ಲ, ಗಿಡದ ಬೆಳವಣಿಗೆ. ಜೂನ್ ಜುಲೈನಲ್ಲಿ ಎಲ್ಮ್ ಎಷ್ಟು ಜೋರಾಗಿ ದಪ್ಪವಾಗುತ್ತದೆ ಎಂದರೆ ವಾರಕ್ಕೊಮ್ಮೆಯಾದರೂ ತಂತಿಯ ಕೆಳಗೆ ಉಗುರು ತೂರುತ್ತದೆಯೇ ಎಂದು ನೋಡಬೇಕು. ಉಗುರು ತೂರದ ದಿನ ತೆಗೆದುಬಿಡಬೇಕು. ಬಾಗು ನಿಲ್ಲದಿದ್ದರೆ ಪರವಾಗಿಲ್ಲ, ಬೇರೆ ಜಾಗದಲ್ಲಿ ಮತ್ತೆ ಸುತ್ತಬಹುದು.

ಕಪ್ಪು ಕನ್ನಡಕ

2021ರ ಜನವರಿಯಲ್ಲಿ ಅಪ್ಪ ಬಂದರು. ಬಲಗಣ್ಣಿನ ಪೊರೆ ತೆಗೆಸಲು ಬೆಂಗಳೂರಿಗೆ ಬಂದವರು ಹದಿನೈದು ದಿನ ನಮ್ಮಲ್ಲೇ ಉಳಿದರು. ಸಕಲೇಶಪುರದ ಕಡೆ ನಮ್ಮದು ಮೂರು ಎಕರೆ ಅರೇಬಿಕಾ ಕಾಫಿ, ಸಿಲ್ವರ್ ಓಕಿಗೆ ಹಬ್ಬಿಸಿದ ಮೆಣಸು. ಜನವರಿ ಅಂದರೆ ಹಣ್ಣು ಕೊಯ್ಲಿನ ಕೊನೆ, ಅದು ಮುಗಿಯುತ್ತಲೇ ಕಸಿ. ಬೇರೆ ಕಡೆಯವರಿಗೆ ಕಸಿ ಅಂದರೆ ಗಿಡಕ್ಕೆ ಗಿಡ ಕಟ್ಟುವುದು. ಕಾಫಿ ಸೀಮೆಯಲ್ಲಿ ಕಸಿ ಅಂದರೆ ಕತ್ತರಿಸುವುದು. ಕಾಫಿ ಗಿಡಕ್ಕೆ ಕಸಿ, ನೆರಳಿನ ಮರಕ್ಕೆ ಮರಗಸಿ. ಅಂಥ ಹೊತ್ತಿನಲ್ಲಿ ತೋಟ ಬಿಟ್ಟು ಬಂದು, ಬಗ್ಗಬಾರದು, ಭಾರ ಎತ್ತಬಾರದು, ಧೂಳಿಗೆ ಹೋಗಬಾರದು ಎಂದು ಡಾಕ್ಟರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಮನೆಯೊಳಗೆ ಕೂರುವುದು ಅವರಿಗೆ ಶಿಕ್ಷೆಯಾಗಿತ್ತು. ಬೆಳಗಿನ ಎಳೆಬಿಸಿಲಿಗೆ ತಾರಸಿಯಲ್ಲಿ ಕುರ್ಚಿ ಹಾಕಿಕೊಟ್ಟೆ. ಆಸ್ಪತ್ರೆಯಲ್ಲಿ ಕೊಟ್ಟ ಕಪ್ಪು ಕನ್ನಡಕ, ತಲೆಗೆ ಟವಲು.

ಗಿಡವನ್ನು ಅವರ ಪಕ್ಕದ ಕಟ್ಟೆಯ ಮೇಲೆ ತಂದಿಟ್ಟು ತೋರಿಸಿದೆ. ಅವರು ನೋಡಲಿಲ್ಲ, ಮುಟ್ಟಿದರು. ಎಲೆ ಸರಿಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಕಾಂಡ ಹಿಡಿದು ಬುಡದಿಂದ ಮೇಲಕ್ಕೆ ನಿಧಾನವಾಗಿ ತಂದರು. ಗೀರಿನ ಹತ್ತಿರ ಬೆರಳು ನಿಂತಿತು. ತಂತಿಯದ್ದು ಎಂದೆ. ಏನೂ ಅನ್ನಲಿಲ್ಲ. ಮತ್ತೆ ಮೇಲಕ್ಕೆ ಹೋಗಿ, ಬುಡಕ್ಕೆ ವಾಪಸ್ ಬಂದರು.

"ಎಷ್ಟು ವರ್ಷ ಆಯ್ತು ಪುಟ್ಟಿ ಇದಕ್ಕೆ?"

"ಮೂರು ವರ್ಷ ಅಪ್ಪ."

"ಬುಡಾನೂ ಅಷ್ಟೇ ಇದೆ, ತುದೀನೂ ಅಷ್ಟೇ ಇದೆಯಲ್ಲ. ಬೆಳಿಯೋಕೆ ಬಿಟ್ಟಿದೀಯಾ ಇದನ್ನ?"

ಬಿಟ್ಟಿದ್ದೇನೆ, ವಾರ ವಾರ ನೋಡಿಕೊಳ್ಳುತ್ತೇನೆ ಎಂದೆ. ಏನು ನೋಡಿಕೊಳ್ಳುತ್ತೀಯ ಎಂದರು. ಕತ್ತರಿಸುವುದನ್ನು ಹೇಳಿದೆ. ಅಪ್ಪ ಕನ್ನಡಕ ಸರಿ ಮಾಡಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಕಾಫಿ ಗಿಡ ನೆಟ್ಟ ವರ್ಷಾನೇ ಟಾಪಿಂಗ್ ಮಾಡ್ತೀವಾ ನಾವು? ಎರಡೂವರೆ ಅಡಿ ಬರ್ಲಿ, ಕಾಂಡ ಬಲೀಲಿ, ರೆಕ್ಕೆ ಬಿಚ್ಕೊಳ್ಳಿ, ಆಮೇಲೆ ತುದಿ ತೆಗಿತೀವಿ. ಅಲ್ಲೀವರ್ಗೂ ಗಿಡ ಏನ್ ತಿಂದ್ಕೊಂಡು ದಪ್ಪ ಆಗ್ಬೇಕು? ಎಲೆ ತಾನೆ ಅದಕ್ಕೆ ಅನ್ನ ಮಾಡೋದು. ಎಲೆ ಬಂದಂಗೆ ಬಂದಂಗೆ ನೀನು ತೆಗ್ದುಬಿಟ್ರೆ?"

ಇಷ್ಟು ಸರಳ. ಹೈಸ್ಕೂಲಿನಲ್ಲಿ ಓದಿದ್ದೇ. ಕಾಂಡ ದಪ್ಪವಾಗುವುದು ಅದರ ಮೇಲಿರುವ ಎಲೆಗಳು ಕಳಿಸಿದ ಆಹಾರದಿಂದ. ಎಲೆ ಕಡಿಮೆಯಾದರೆ ಕಾಂಡಕ್ಕೆ ಬರುವುದೂ ಕಡಿಮೆ. ಜೊತೆಗೆ ಬೇರು ಹರಡಲು ಎರಡು ಇಂಚು ಆಳದ ಟ್ರೇ. ಆ ಟ್ರೇ ಇರುವುದು ಬೆಳೆದು ಒಂದು ಹದಕ್ಕೆ ಬಂದ ಮರವನ್ನು ಅದೇ ಹದದಲ್ಲಿ ಉಳಿಸಿಕೊಳ್ಳುವುದಕ್ಕೆ. ನಾನು ಹುಟ್ಟಿದ ಮಗುವಿಗೆ ಮದುವೆ ಸೀರೆ ಉಡಿಸಿದ್ದೆ. ಬೋನ್ಸಾಯ್ ಎಂಬುದು ಚಿಕ್ಕದಾಗಿ ಇಡುವ ಕಲೆ ಎಂದು ನಾನು ತಿಳಿದಿದ್ದೆನಲ್ಲ, ಅದೇ ತಪ್ಪು. ಚಿಕ್ಕ ಮರ ಬೇಕಿದ್ದರೆ ಮೊದಲು ಅದನ್ನು ದೊಡ್ಡದಾಗಲು ಬಿಡಬೇಕು.

ಕ್ರೇಟಿನಲ್ಲಿ ಮೂರು ವರ್ಷ

ಅಪ್ಪ ಊರಿಗೆ ಹೋದ ಮೇಲೆ, ಫೆಬ್ರುವರಿಯಲ್ಲಿ, ಮೊಗ್ಗು ಉಬ್ಬುವ ಹೊತ್ತಿಗೆ ಗಿಡವನ್ನು ಟ್ರೇಯಿಂದ ಇಳಿಸಿದೆ. ತರಕಾರಿ ಕ್ರೇಟಿಗೆ ಒಳಗಿನಿಂದ ಹಸಿರು ನೆರಳುಬಲೆ ಹೊದಿಸಿದೆ. ಇಟ್ಟಿಗೆ ಕುಟ್ಟಿ, ಜರಡಿ ಹಿಡಿದು, ಪುಡಿಯನ್ನೆಲ್ಲ ಆಚೆ ಚೆಲ್ಲಿ, ಕಡಲೆಬೇಳೆ ಗಾತ್ರದ ಚೂರು ಮಾತ್ರ ಇಟ್ಟುಕೊಂಡೆ. ಅದು ಎರಡು ಪಾಲು, ಎರೆಗೊಬ್ಬರ ಒಂದು ಪಾಲು. ಜಪಾನಿನವರ ಅಕಡಾಮ ಮಣ್ಣಿಗೆ ದುಡ್ಡು ಸುರಿಯುವುದು ನಮ್ಮ ಊರಿಗೆ ಬೇಕಾಗಿಲ್ಲ ಎನ್ನುವುದು ನನ್ನ ಅನುಭವ. ನೀರು ನಿಲ್ಲದೆ ಹರಿಯಬೇಕು, ಬೇರಿಗೆ ಗಾಳಿಯಾಡಬೇಕು, ಇಟ್ಟಿಗೆ ಚೂರು ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಬರೀ ಕೆಮ್ಮಣ್ಣಿನಲ್ಲಿ ಇಟ್ಟರೆ ಮಳೆಗಾಲದಲ್ಲಿ ಎಲ್ಮ್‌ನ ಬೇರು ಕೊಳೆಯುತ್ತದೆ.

ನೆಟ್ಟಗೆ ಕೆಳಗಿಳಿದಿದ್ದ ತಾಯಿಬೇರು ಕತ್ತರಿಸಿ, ಬುಡದ ಅಡಿಗೆ ಮಂಗಳೂರು ಹಂಚಿನ ತುಂಡೊಂದನ್ನು ಇಟ್ಟು, ಉಳಿದ ಬೇರುಗಳನ್ನು ಅದರ ಮೇಲೆ ಸುತ್ತಲೂ ಬಿಡಿಸಿ ಹರಡಿದೆ. ಹಂಚು ಇದ್ದರೆ ಬೇರು ಕೆಳಕ್ಕೆ ಹೋಗಲಾರದೆ ಪಕ್ಕಕ್ಕೆ ಸಾಗುತ್ತದೆ. ವರ್ಷಗಳ ಮೇಲೆ ನೆಲವನ್ನು ಹಿಡಿದು ನಿಂತ ಹಳೇ ಮರದ ಬುಡ ಬರುವುದು ಹಾಗೆ. ಜಪಾನಿನವರು ಅದಕ್ಕೆ ನೆಬಾರಿ ಎನ್ನುತ್ತಾರೆ. ಕತ್ತರಿಸಿದ ಬೇರಿನ ತುಂಡುಗಳನ್ನು ಎಸೆಯಲು ಮನಸ್ಸಾಗದೆ ಇನ್ನೊಂದು ಕುಂಡದಲ್ಲಿ ಓರೆಯಾಗಿ ಊರಿದೆ. ಒಂದೂವರೆ ತಿಂಗಳಲ್ಲಿ ಮೂರು ತುಂಡು ಚಿಗುರಿದವು. ಎಲ್ಮ್ ಹಾಗೆ, ಬೇರಿನಿಂದಲೂ ಏಳುತ್ತದೆ.

ಆಮೇಲೆ ಮಾಡಬೇಕಾದದ್ದು ಒಂದೇ, ಏನೂ ಮಾಡದಿರುವುದು. ಕೆಳಗಿನ ಕೊಂಬೆಗಳಲ್ಲಿ ಒಂದನ್ನು ಆರಿಸಿ ಅದನ್ನು ಅದರ ಪಾಡಿಗೆ ಬಿಟ್ಟೆ. ಉಳಿದವನ್ನು ಹಿಡಿತದಲ್ಲಿಟ್ಟು ಒಂದನ್ನು ಮಾತ್ರ ಬೇಕಾದಷ್ಟು ಓಡಲು ಬಿಟ್ಟರೆ, ಅದರ ಎಲೆಗಳೆಲ್ಲ ಸೇರಿ ಆ ಕೊಂಬೆಯಿಂದ ಕೆಳಗಿನ ಬುಡವನ್ನು ದಪ್ಪ ಮಾಡುತ್ತವೆ. ಕೆಲಸ ಮುಗಿದ ಮೇಲೆ ಆ ಕೊಂಬೆಯನ್ನು ಬುಡಸಮೇತ ತೆಗೆಯುವುದು. ಬೋನ್ಸಾಯ್ ಮಾಡುವವರ ಬಾಯಲ್ಲಿ ಅದರ ಹೆಸರು ತ್ಯಾಗದ ಕೊಂಬೆ, ಬಲಿಕೊಂಬೆ. ನನಗೆ ಆ ಹೆಸರು ಒಗ್ಗಲಿಲ್ಲ. ಮೂರು ವರ್ಷ ದಿನಾ ನೋಡುವ ಕೊಂಬೆಯನ್ನು ಬಲಿ ಎಂದು ಕರೆಯುತ್ತ ಇರಲು ಆಗಲಿಲ್ಲ.

ಬೇರೆ ಮಾತು ಸಿಕ್ಕಿದ್ದು ಚೀನೀಯರಲ್ಲಿ. ಬೋನ್ಸಾಯ್ ಅಂದರೆ ನಾವು ಜಪಾನ್ ಅನ್ನುತ್ತೇವೆ, ಆದರೆ ಕುಂಡದ ಮರದ ವಿದ್ಯೆ ಜಪಾನಿಗೆ ಹೋದದ್ದು ಚೀನಾದಿಂದ. ಅಲ್ಲಿ ಅದಕ್ಕೆ ಪೆನ್‌ಜಿಂಗ್ ಎಂದು ಹೆಸರು. ಅದರಲ್ಲೂ ಗ್ವಾಂಗ್‌ಜೋ ನಗರದ ಸುತ್ತ ಬೆಳೆದ ಲಿಂಗ್‌ನಾನ್ ಪಂಥದವರು ಮರಕ್ಕೆ ರೂಪ ಕೊಡಲು ಮುಖ್ಯವಾಗಿ ನೆಚ್ಚಿಕೊಂಡದ್ದು ತಂತಿಯನ್ನಲ್ಲ, ಕತ್ತರಿಯನ್ನು. ಕಳೆದ ಶತಮಾನದ ಮೊದಲರ್ಧದಲ್ಲಿ ಕಾಂಗ್ ತೈಚು ಎಂಬುವರು, ಸು ರೆನ್ ಎಂಬ ಬೌದ್ಧ ಭಿಕ್ಷು ಈ ದಾರಿಯನ್ನು ಹದಗೊಳಿಸಿದವರಲ್ಲಿ ಮುಖ್ಯರು. ಕಾಂಗ್ ಅವರದು ದಟ್ಟವಾದ, ಹರಡಿದ ದೊಡ್ಡ ಮರಗಳ ಕೈಚಳಕ; ಭಿಕ್ಷುವಿನ ಮರಗಳಲ್ಲಿ ಇದ್ದದ್ದೇ ನಾಲ್ಕು ಕೊಂಬೆ, ಬೆರಳೆಣಿಕೆಯ ಎಲೆ. ಈ ಪಂಥದವರ ಪದ್ಧತಿಯ ಹೆಸರು ನಾಲ್ಕು ಅಕ್ಷರ: ಜಿಯೆ ಗಾನ್ ಷು ಜಿ. ಕಾಂಡ ಕಡಿ, ಕೊಂಬೆ ಕೂಡಿಡು. 'ಷು' ಎಂದರೆ ಕೂಡಿಡುವುದು. ನೀರು ಕೂಡಿಡುವುದಕ್ಕೆ, ಹಣ ಉಳಿಸುವುದಕ್ಕೆ, ಕೂದಲು ಉದ್ದ ಬಿಡುವುದಕ್ಕೆ ಚೀನೀಯರು ಇದೇ ಅಕ್ಷರ ಬಳಸುತ್ತಾರೆ. ಕೊಂಬೆ ಬೆಳೆಸು ಎನ್ನಲಿಲ್ಲ, ಕೂಡಿಡು ಎಂದರು. ಇದನ್ನು ತಿಳಿದ ದಿನ ನನಗಾದ ಸಂತೋಷ ಹೇಳತೀರದು. ಅಮ್ಮ ಸಾಸಿವೆ ಡಬ್ಬಿಯಲ್ಲಿ ಹಣ ಇಡುತ್ತಿದ್ದುದು ನೆನಪಾಯಿತು. ಇಡುವಾಗ ಯಾವುದಕ್ಕೆ ಎಂದು ಅವಳಿಗೆ ಗೊತ್ತಿರುತ್ತಿತ್ತು, ತೆಗೆಯುವ ದಿನ ಬರುವವರೆಗೆ ಡಬ್ಬಿ ಮುಟ್ಟುತ್ತಿರಲಿಲ್ಲ.

ಆ ಪದ್ಧತಿಯಲ್ಲಿ ಒಂದು ತುಂಡು ಬೇಕಾದಷ್ಟು ದಪ್ಪವಾಗುವವರೆಗೆ ಕೊಂಬೆಯನ್ನು ಓಡಲು ಬಿಡುತ್ತಾರೆ. ಆಮೇಲೆ ಗಿಡ್ಡಗೆ ಕತ್ತರಿಸುತ್ತಾರೆ. ಕತ್ತರಿಸಿದಲ್ಲಿಂದ ಹೊಸ ಚಿಗುರು ಇನ್ನೊಂದು ದಿಕ್ಕಿಗೆ ಹೊರಡುತ್ತದೆ. ಅದು ಮೊದಲ ತುಂಡಿಗಿಂತ ತುಸು ತೆಳ್ಳಗಿರುವಷ್ಟು ದಪ್ಪವಾಗುವವರೆಗೆ ಮತ್ತೆ ಬಿಡುವುದು, ಮತ್ತೆ ಕತ್ತರಿಸುವುದು. ಹೀಗೆ ಮಾಡಿದ ಕೊಂಬೆ ಬುಡದಿಂದ ತುದಿಗೆ ಹಂತ ಹಂತವಾಗಿ ಸಣ್ಣದಾಗುತ್ತದೆ, ಪ್ರತಿ ಗಿಣ್ಣಿನಲ್ಲೂ ಒಂದು ತಿರುವು ಸಿಗುತ್ತದೆ. ಆ ತಿರುವು ತಂತಿಯ ಬಾಗಿನ ಹಾಗೆ ನುಣುಪಾಗಿ ಇರುವುದಿಲ್ಲ. ಮುರಿದು ಮತ್ತೆ ಎದ್ದ ಹಾಗೆ ಇರುತ್ತದೆ. ಹತ್ತಿಪ್ಪತ್ತು ವರ್ಷದ ಕೆಲಸ. ಹಳೇ ಮರದಲ್ಲೂ ಎಲ್ಲೆಂದರಲ್ಲಿ ಚಿಗುರೊಡೆಯುವ ಎಲ್ಮ್ ಅವರಿಗೆ ಅಚ್ಚುಮೆಚ್ಚಿನದಾದದ್ದು ಇದಕ್ಕೇ. ಗ್ವಾಂಗ್‌ಜೋ ಇರುವುದು ಕರ್ಕಾಟಕ ವೃತ್ತಕ್ಕೆ ತಾಗಿದಂತೆ, ತುಸು ದಕ್ಷಿಣಕ್ಕೆ. ಹಿಮ ಬೀಳುವ ಊರಲ್ಲ. ವರ್ಷದ ಬಹುಪಾಲು ಗಿಡ ಬೆಳೆಯುತ್ತಲೇ ಇರುತ್ತದೆ. ನಮ್ಮಲ್ಲೂ ಹಾಗೇ. ಮಾರ್ಚ್‌ನಲ್ಲಿ ಹೀಗೆ ಮಾಡಿ, ಚಳಿಗಾಲದಲ್ಲಿ ಹಾಗೆ ಮಾಡಿ ಎಂಬ ಜಪಾನಿನ ಪಂಚಾಂಗ ಹಿಡಿದು ನಾನು ಕಳೆದುಕೊಂಡ ದಿನಗಳನ್ನು ಎಣಿಸಿದರೆ, ನಮ್ಮ ಬಯಲುಸೀಮೆಯ ತಾರಸಿಗೆ ಗ್ವಾಂಗ್‌ಜೋದವರ ಮಾತೇ ಹತ್ತಿರ ಎನ್ನಿಸುತ್ತದೆ.

ಆ ಕೊಂಬೆ 2021ರ ಮಳೆಗಾಲದಲ್ಲೇ ಎರಡಡಿ ಹೋಯಿತು. ಮುಂದಿನ ವರ್ಷ ತಾರಸಿಯ ಗೋಡೆ ದಾಟಿ ಆಚೆ ಇಣುಕಿತು. ನೋಡಲು ಚೆಂದವೇನೂ ಇರಲಿಲ್ಲ. ಗಿಡದ ಒಂದು ಕಡೆ ಮಾತ್ರ ಬಿದಿರು ಕಟ್ಟಿದ ಹಾಗೆ ಕಾಣುತ್ತಿತ್ತು. ಕತ್ತರಿ ಕೈಯಲ್ಲಿ ಹಿಡಿದು ಎಷ್ಟೋ ಭಾನುವಾರ ಅದರ ಮುಂದೆ ನಿಂತಿದ್ದೇನೆ. ವರ್ಷಕ್ಕೊಮ್ಮೆ, ಫೆಬ್ರುವರಿಯಲ್ಲಿ, ಬುಡಕ್ಕೆ ದಾರ ಸುತ್ತಿ ಅಳೆಯುತ್ತಿದ್ದೆ. ಮೊದಲ ಸಲ ಎರಡೂಕಾಲು ಸೆಂಟಿಮೀಟರ್. ಮೂರು ವರ್ಷದ ಮೇಲೆ ಒಂಬತ್ತು.

'ಪಾಪ, ಕಾಲು ಕಟ್ಟಿದ ಹಾಗೆ'

ಈ ಮಾತು ಹೇಳಿದವರು ಕೆಳಗಿನ ಮನೆಯ ಅಜ್ಜಿ. ಬೋನ್ಸಾಯ್ ಮನೆಯಲ್ಲಿಟ್ಟರೆ ಮನೆಯವರ ಏಳಿಗೆ ಕುಂಠಿತವಾಗುತ್ತದೆ ಎಂಬ ವಾಸ್ತುವಿನ ಮಾತನ್ನು ಬಹಳ ಜನ ಹೇಳಿದ್ದಾರೆ, ಅದು ನನಗೆ ತಾಗಿಲ್ಲ. ನನ್ನ ಗಿಡ ಮನೆಯೊಳಗೆ ಇಲ್ಲದಿರುವುದು ಎಲ್ಮ್‌ಗೆ ಐದಾರು ಗಂಟೆ ಬಿಸಿಲು ಬೇಕು ಎಂಬ ಕಾರಣಕ್ಕೆ. ಆದರೆ ಅಜ್ಜಿಯ ಮಾತು ತಾಗಿತು. ಅವರು ಶಕುನ ಹೇಳಲಿಲ್ಲ, ಗಿಡದ ಪರವಾಗಿ ಮಾತಾಡಿದರು. ಪಾಪ ಕಣೇ, ಕಾಲು ಕಟ್ಟಿ ಹಾಕಿದ ಹಾಗೆ ಇದೆ ಇದಕ್ಕೆ, ಎಂದರು.

ಅವರಿಗೆ ನಾನು ಕೊಟ್ಟ ಉತ್ತರ ಕಾಫಿಯದ್ದು. ಬಿಟ್ಟರೆ ಅರೇಬಿಕಾ ಹದಿನೈದು ಅಡಿ ಏರುವ ಮರ. ಆಳಿನ ಕೈಗೆ ಹಣ್ಣು ಎಟುಕಲಿ ಎಂದು ತಲೆತಲಾಂತರದಿಂದ ಅದನ್ನು ಎದೆಮಟ್ಟ, ತಲೆಮಟ್ಟಕ್ಕೆ ಕತ್ತರಿಸಿ ಇಟ್ಟಿದ್ದೇವೆ. ನೆಟ್ಟಗೆ ಏಳುವ ಕಂಬಚಿಗುರು ತೆಗೆಯುತ್ತೇವೆ, ಒಣಗಿದ್ದು ತೆಗೆಯುತ್ತೇವೆ, ಮಧ್ಯಕ್ಕೆ ಬೆಳಕು ಬೀಳಿಸುತ್ತೇವೆ. ಒಳ್ಳೆಯ ಕಸಿ ಕಂಡ ಗಿಡ ಐವತ್ತು ವರ್ಷವಾದರೂ ಹೂ ಬಿಡುತ್ತದೆ. ನಮ್ಮ ತಾತ ನೆಟ್ಟವು ಈಗಲೂ ಇವೆ. ಕತ್ತರಿಸುವುದೇ ಹಿಂಸೆಯಾದರೆ ಆ ತೋಟವಿಡೀ ಹಿಂಸೆ, ಮನೆಯಂಗಳದ ಮಲ್ಲಿಗೆ ಬಳ್ಳಿಯೂ ಹಿಂಸೆ. ಅಜ್ಜಿ ಒಪ್ಪಿದರೋ ಇಲ್ಲವೋ, ಹೂಂ ಎಂದರು.

ಆದರೆ ನನಗೆ ನಾನೇ ಆ ಉತ್ತರದಿಂದ ಪೂರ್ತಿ ಸಮಾಧಾನ ಪಟ್ಟುಕೊಂಡಿಲ್ಲ. ಕಾಫಿ ಗಿಡದ ಬೇರು ನೆಲದಲ್ಲಿದೆ. ನಾವು ನಾಲ್ಕು ದಿನ ಹೋಗದಿದ್ದರೂ ಅದು ತನ್ನ ನೀರು ತಾನು ಹುಡುಕಿಕೊಳ್ಳುತ್ತದೆ. ನನ್ನ ಎಲ್ಮ್ ಹಾಗಲ್ಲ. ಏಪ್ರಿಲ್‌ನಲ್ಲಿ ಎರಡು ಹೊತ್ತು ನೀರು ಬೇಕು, ಒಂದು ಮಧ್ಯಾಹ್ನ ತಪ್ಪಿದರೆ ಎಲೆಯಂಚು ಸುಟ್ಟು ಹೋಗುತ್ತದೆ. ನೆಲದಿಂದ ಎತ್ತಿ ಕುಂಡಕ್ಕೆ ಇಟ್ಟ ದಿನವೇ ಅದರ ಬದುಕನ್ನು ನನ್ನ ದಿನಚರಿಗೆ ಕಟ್ಟಿಬಿಟ್ಟೆ. ಅಜ್ಜಿ ಹೇಳಿದ ಕಟ್ಟು ಇದೇ ಇರಬೇಕು. ನಲವತ್ತು ದಿನ ತಾರಸಿ ಹತ್ತದಿದ್ದಾಗ ನಾನು ಮಾಡಿದ್ದು ಹಿಂಸೆಯೇ. ತಂತಿ ಸುತ್ತಿದ್ದಲ್ಲ, ಸುತ್ತಿ ಮರೆತದ್ದು.

ಕಡಿದ ದಿನ

2024ರ ಫೆಬ್ರುವರಿಯಲ್ಲಿ ಆ ಕೊಂಬೆ ಕಡಿದೆ. ಹಿಂದಿನ ವಾರ ಊರಿನಿಂದ ಬಂದವರ ಕೈಲಿ ಅಪ್ಪ ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ, ಕಡಿದ ಗಾಯಕ್ಕೆ ಹಚ್ಚುವ ಬೋರ್ಡೋ ಪೇಸ್ಟ್ ಕಳಿಸಿದ್ದರು. ಮೈಲುತುತ್ತ ಒಂದು ಪಾಲು, ಸುಣ್ಣ ಒಂದು ಪಾಲು, ನೀರು ಹತ್ತು ಪಾಲು. ಕಾಫಿ, ಅಡಿಕೆ ಕಂಡವರಿಗೆಲ್ಲ ಆ ಆಕಾಶನೀಲಿ ಗೊತ್ತು. ಸುಣ್ಣ ನೀರು ಸೇರಿಸಿದ ಮೇಲೆ ಹೆಚ್ಚು ದಿನ ಇಡುವಂಥದ್ದಲ್ಲ, ಬೇಗ ಹಚ್ಚು ಎಂದು ಫೋನಿನಲ್ಲಿ ಎರಡು ಸಲ ಹೇಳಿದರು.

ಕೊಂಬೆಯ ಬುಡ ಒಂದು ರೂಪಾಯಿ ನಾಣ್ಯದಷ್ಟು ಅಗಲ ಆಗಿತ್ತು. ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದೆ. ಇಲ್ಲದಿದ್ದರೆ ಕೊಂಬೆ ಭಾರಕ್ಕೆ ಜೋತು ನಾರುತೊಗಟೆ ಕಾಂಡದುದ್ದಕ್ಕೂ ಸುಲಿದು ಬರುತ್ತದೆ. ಆಮೇಲೆ ಮೇಲಿನಿಂದ. ಮಡಚುವ ಸಣ್ಣ ಗರಗಸ. ಐದಡಿ ದಾಟಿದ್ದ ಕೊಂಬೆ ಎಲೆ ಸಮೇತ ತಾರಸಿಯ ಮೇಲೆ ಒರಗಿತು. ಕಡಿದ ಜಾಗ ಒದ್ದೆಯಾಗಿ, ಬೆಳ್ಳಗೆ, ಆಗಷ್ಟೇ ಸುಲಿದ ಹಸಿ ತೆಂಗಿನ ಹೋಳಿನ ಹಾಗೆ ಇತ್ತು. ನೋಡುತ್ತ ನೋಡುತ್ತ ಅಂಚಿನಿಂದ ಕಂದು ಬಣ್ಣ ಏರತೊಡಗಿತು. ಚೂರಿಯಿಂದ ಅಂಚು ನಯ ಮಾಡಿ, ಮಧ್ಯವನ್ನು ಒಂದು ಚೂರು ಒಳಗೆ ಕೆತ್ತಿದೆ. ಹಾಗೆ ತಗ್ಗು ಮಾಡಿದರೆ ಸುತ್ತಲಿನ ತೊಗಟೆ ಬಂದು ಮುಚ್ಚಿಕೊಂಡಾಗ ಗಂಟು ಏಳುವುದಿಲ್ಲ. ಅದರ ಮೇಲೆ ನೀಲಿ ಬಳಿದೆ. ಉಳಿದದ್ದು ಸಣ್ಣ ಗಿಡ. ಆದರೆ ಅದಕ್ಕೆ ಬುಡ ಇತ್ತು. ಕೂತು ನೋಡಿದರೆ ಮೊದಲ ಸಲ ನನಗೆ ಅದು ದೂರದಲ್ಲಿ ನಿಂತ ಮರದ ಹಾಗೆ ಕಂಡಿತು.

ಮೂರು ವಾರಕ್ಕೆ ಗಾಯದ ಸುತ್ತ, ಕಾಂಡದ ಮೇಲೆ, ಎಲ್ಲೆಲ್ಲೂ ಮೊಗ್ಗು ಒಡೆದವು. ರಾಗಿ ಕಾಳಿನಷ್ಟು ಕೆಂಪಗಿನ ಮೊಗ್ಗು. ಹನ್ನೊಂದು ಎಣಿಸಿದೆ. ಬೇಕಾದ ಜಾಗದ ನಾಲ್ಕನ್ನು ಉಳಿಸಿ ಮಿಕ್ಕವನ್ನು ಬೆರಳಿನಿಂದ ಉಜ್ಜಿ ತೆಗೆದೆ. ಅಲ್ಲಿಂದೀಚೆಗೆ ನಾನು ಕತ್ತರಿ ಹಿಡಿದರೆ ಮೊದಲು ನೋಡುವುದು ಎಲೆಯ ಕಂಕುಳನ್ನು. ಚಿಗುರು ಏಳೆಂಟು ಎಲೆ ಬಿಡುವವರೆಗೆ ಸುಮ್ಮನಿದ್ದು, ಆಮೇಲೆ ಎರಡೋ ಮೂರೋ ಎಲೆ ಉಳಿಸಿ ಕತ್ತರಿಸಬೇಕು. ಉಳಿದ ಕೊನೆಯ ಎಲೆ ಎಡಕ್ಕಿದ್ದರೆ ಮುಂದಿನ ಕವಲು ಎಡಕ್ಕೆ ಹೋಗುತ್ತದೆ, ಬಲಕ್ಕಿದ್ದರೆ ಬಲಕ್ಕೆ. ತಂತಿ ಬೇಕಾಗುವುದು ಅಪರೂಪಕ್ಕೆ, ತೀರ ಎಳೆಯ ಕೊಂಬೆಯನ್ನು ಕೆಳಕ್ಕೆ ಇಳಿಸಬೇಕಾದಾಗ ಮಾತ್ರ. ಸುತ್ತಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ, ಮೂರನೇ ವಾರಕ್ಕೆ ಇನ್ನೊಂದು ಗುರುತು.

ಈಗ ಗಾಯ ಹೆಸರುಕಾಳಿನಷ್ಟು ಉಳಿದಿದೆ. ಈ ಸಲ ಕ್ರೇಟಿನಿಂದ ಮೇಲೆತ್ತಿದಾಗ ಹಂಚಿನ ಮೇಲೆ ಬೇರು ಸುತ್ತಲೂ ಹರಡಿದ್ದು ಕಂಡಿತು. ಎಲ್ಲ ಕಡೆ ಒಂದೇ ಥರ ಬಂದಿಲ್ಲ. ಅತ್ಯಂತ ಚೆನ್ನಾಗಿ, ಬೆರಳು ಬಿಡಿಸಿದ ಕೈಯ ಹಾಗೆ ಬಂದಿರುವ ಕಡೆಯನ್ನೇ ಮರದ ಮುಂಭಾಗ ಮಾಡಿಕೊಳ್ಳುವುದು ಪದ್ಧತಿ. ನನ್ನ ಗಿಡದಲ್ಲಿ ಆ ಬೇರುಗಳ ನೇರ ಮೇಲೆಯೇ 2019ರ ತಂತಿಯ ಗೀರು ಇದೆ. ಬೇರೆ ಕಡೆ ಕಾಂಡ ದಪ್ಪವಾಗುತ್ತ ಅದು ಅಳಿಸಿಹೋಗಿದೆ, ಅಲ್ಲಿ ಮಾತ್ರ ಒಂದೆರಡು ಗೆರೆ ಉಳಿದಿದೆ. ಅರ್ಧ ಸುತ್ತು ತಿರುಗಿಸಿ ಇಟ್ಟರೆ ಗೀರು ಹಿಂದಕ್ಕೆ ಹೋಗುತ್ತದೆ, ಆದರೆ ಮುಂದೆ ಬರುವುದು ಬೇರಿಲ್ಲದ ಬೋಳು ಬುಡ. ಎರಡು ದಿನ ಗಿಡವನ್ನು ಹಾಗೂ ತಿರುಗಿಸಿ, ಹೀಗೂ ತಿರುಗಿಸಿ ನೋಡಿದೆ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ.

"ಬೇರು ಯಾವ ಕಡೆ ಚೆನ್ನಾಗಿದೆ?"

"ಗೀರು ಇರೋ ಕಡೆ."

"ಹಂಗಾದ್ರೆ ಅದೇ ಮುಂದೆ. ಎಷ್ಟು ಎಲೆ ಬಿಟ್ಟಿದೀಯ ಈಗ?"

"ಆರು."

"ಇನ್ನೂ ಬಿಡು."

ಬೇರು ಹರಡಿದ ಕಡೆಯನ್ನು ನನ್ನತ್ತ ತಿರುಗಿಸಿ, ಕುಂಡದ ತೂತಿನಿಂದ ತಂದ ದಾರದಲ್ಲಿ ಬುಡ ಅಲ್ಲಾಡದ ಹಾಗೆ ಕಟ್ಟಿ, ಇಟ್ಟಿಗೆ ಚೂರು ತುಂಬಿದೆ. ಗೀರಿನ ಕೆಳಗಿನ ತೊಗಟೆಯಲ್ಲಿ ಒಂದು ಸಣ್ಣ ಚಕ್ಕೆ ಎದ್ದಿತ್ತು. ಬಲಿತ ಎಲ್ಮ್‌ನ ತೊಗಟೆ ಹೀಗೆ ಚಕ್ಕೆ ಚಕ್ಕೆಯಾಗಿ ಕಳಚಿ ಒಳಗಿನ ಕಿತ್ತಳೆ ಬಣ್ಣ ತೋರಿಸುತ್ತದೆ. ಇದಕ್ಕೆ ಅದು ಮೊದಲನೆಯದು.